ನೈಟಿಂಗೇಲ್ ಫಾರ್ವರ್ಡ್‌ನಲ್ಲಿ ದೀಪವಿದೆ, ಚರಂಡಿ ಇಲ್ಲ

ಪ್ರತಿ ವರ್ಷ ಮೇ 12, ದಾದಿಯರ ದಿನ ಬಂತೆಂದರೆ ಶಿವಮೊಗ್ಗ, ಭದ್ರಾವತಿಯ ವಾಟ್ಸಾಪ್ ಗ್ರೂಪ್‌ಗಳಲ್ಲೂ ಅದೇ ಚಿತ್ರ ಓಡಾಡುತ್ತದೆ. ಕೈಯಲ್ಲಿ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್, ಕೆಳಗೆ ಆಕೆ ಕಾಲಿಟ್ಟ ಕೂಡಲೇ ಸೈನಿಕರ ಸಾವು ನಿಂತಿತು ಎಂಬ ಒಕ್ಕಣೆ. ದೀಪ ಹಿಡಿದದ್ದು ನಿಜ. ಸಾವು ಹಾಗೆ ನಿಲ್ಲಲಿಲ್ಲ.

ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿಗೂ ಬಂತು. ಸಿರಿವಂತ ಇಂಗ್ಲಿಷ್ ಮನೆತನ, ಹುಡುಗಿಗೆ ಗಣಿತದ ಹುಚ್ಚು. ಕ್ರಿಮಿಯಾ ಯುದ್ಧದ ಹೊತ್ತಿಗೆ, 1854ರ ನವೆಂಬರಿನಲ್ಲಿ, 38 ದಾದಿಯರ ಜೊತೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೇನಾ ಆಸ್ಪತ್ರೆಗೆ ಬಂದರು. ಊಟ, ಬಟ್ಟೆ, ಹಾಸಿಗೆ ಎಲ್ಲವನ್ನೂ ಒಂದು ಹದಕ್ಕೆ ತಂದರು. ಆದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಸೇರಿದ 100 ಜನರಲ್ಲಿ ಸುಮಾರು 42 ಮಂದಿ ಸತ್ತರು. ಗಾಯಕ್ಕಿಂತ ಹೆಚ್ಚಾಗಿ ಕೊಂದದ್ದು ಭೇದಿ, ಕಾಲರಾ, ಜ್ವರ.

ಕಾರಣ ಕಟ್ಟಡದ ಅಡಿಯಲ್ಲೇ ಇತ್ತು: ಕಟ್ಟಿಕೊಂಡ ಚರಂಡಿ. ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ಕೊಳೆ ತೆಗೆಸಿ, ಗಾಳಿಗೆ ದಾರಿ ಮಾಡಿತು. ಕೆಲವೇ ತಿಂಗಳಲ್ಲಿ ಸಾವು ಇಳಿಯಿತು. ಅಂದರೆ ಫಾರ್ವರ್ಡ್ ಹೇಳುವ ಪವಾಡದಲ್ಲಿ ದೊಡ್ಡ ಪಾಲು ಇಂಜಿನಿಯರುಗಳದ್ದು.

ನನ್ನ ಮಟ್ಟಿಗೆ ನೈಟಿಂಗೇಲ್ ಅವರ ನಿಜವಾದ ಹಿರಿಮೆ ಶುರುವಾಗುವುದು ಯುದ್ಧ ಮುಗಿದ ಮೇಲೆ. 1856ರಲ್ಲಿ ಮನೆಗೆ ಮರಳಿದವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಸಾವಿನ ದಾಖಲೆಗಳನ್ನು ಹರಡಿಕೊಂಡು ಕೂತರು. ಯುದ್ಧದ ಲೆಕ್ಕದೊಂದಿಗೆ ಶಾಂತಿಕಾಲದ ಲೆಕ್ಕವನ್ನೂ ತೆಗೆದರು. ಇಂಗ್ಲೆಂಡಿನ ಬ್ಯಾರಕ್‌ನಲ್ಲಿ ಸುಮ್ಮನೆ ಕವಾಯತು ಮಾಡಿಕೊಂಡಿದ್ದ ಸೈನಿಕರು, ಅದೇ ವಯಸ್ಸಿನ ಊರಿನ ಗಂಡಸರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಪ್ರಮಾಣದಲ್ಲಿ ಸಾಯುತ್ತಿದ್ದರು.

ಇದೇಕೆ ವಿಚಿತ್ರ? ಸೇನೆಗೆ ಸೇರಿಸಿಕೊಳ್ಳುವುದೇ ಎದೆ, ಎತ್ತರ ಅಳೆದು ಗಟ್ಟಿಮುಟ್ಟಾದವರನ್ನು. ಅವರು ಊರಿನವರಿಗಿಂತ ಕಡಿಮೆ ಸಾಯಬೇಕಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೆನೆಯಿರಿ. ಕುಲುಮೆಯ ಮುಂದೆ ನಿಲ್ಲುವುದು ತ್ರಾಣ ಇರುವವರು. ಕಾಯಿಲೆ ಬಿದ್ದವರು ಕೆಲಸ ಬಿಡುತ್ತಾರೆ. ಹಾಗಾಗಿ ಒಳಗಿರುವವರನ್ನು ಮಾತ್ರ ನೋಡಿದರೆ ಕುಲುಮೆಯ ಕೆಲಸ ಮೈಗೆ ಒಳ್ಳೆಯದು ಎಂದೇ ಅನಿಸೀತು. ‘ಮಿಲಿಟರಿಯಲ್ಲಿದ್ದವರಿಗೆ ಏನೂ ಆಗಲ್ಲ ಬಿಡಿ’ ಎಂಬ ಮಾತೂ ಇದೇ ಥರದ್ದು. ಸಂಶೋಧಕರು ಇದನ್ನು ‘ಆರೋಗ್ಯವಂತ ಕಾರ್ಮಿಕ ಪರಿಣಾಮ’ ಎನ್ನುತ್ತಾರೆ. ಇದನ್ನು ತಪ್ಪಿಸಲೆಂದೇ 1988ರಲ್ಲಿ ಬ್ರಿಟನ್ನಿನ ಅಣುಪರೀಕ್ಷೆಗಳಲ್ಲಿದ್ದ ಮಾಜಿ ಸೈನಿಕರ ಅಧ್ಯಯನದಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಅವರನ್ನು ಪರೀಕ್ಷೆಗೆ ಹೋಗದಿದ್ದ ಬೇರೆ ಸೈನಿಕರ ಜೊತೆಗೂ ಹೋಲಿಸಿದರು. ಅಷ್ಟು ಗಟ್ಟಿ ಜನರೂ ಬ್ಯಾರಕ್‌ನಲ್ಲಿ ಹೆಚ್ಚು ಸಾಯುತ್ತಿದ್ದರೆ ದೋಷ ಬ್ಯಾರಕ್‌ನದು. ಗಾಳಿಯಿಲ್ಲದ ಕೋಣೆ, ಒತ್ತೊತ್ತಾಗಿ ಮಲಗಿದವರು, ಕ್ಷಯ. ಇವನ್ನು ಸರಿಪಡಿಸಿದ ಕೆಲವೇ ವರ್ಷಗಳಲ್ಲಿ ಸಾವಿನ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ರೋಗಾಣು ಸಿದ್ಧಾಂತ ಇನ್ನೂ ಬೇರೂರಿರಲಿಲ್ಲ. ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂದು ಅವರು ನಂಬಿದ್ದರು. ಕಾರಣ ತಪ್ಪು, ಮದ್ದು ಸರಿ!

ಆಮೇಲೆ ಭಾರತ. ಇಲ್ಲಿಗೆ ಅವರು ಬರಲೇ ಇಲ್ಲ. ದಂಡುಗಳಿಗೆಲ್ಲ ಪ್ರಶ್ನೆಪತ್ರಿಕೆ ಹೋಯಿತು. ಬಂದ ಉತ್ತರಗಳ ರಾಶಿ ಅವರ ಮನೆ ಸೇರಿತು. ಬೆಂಗಳೂರು ದಂಡಿನ ಉತ್ತರದಲ್ಲಿ ಹಲಸೂರು ಕೆರೆಯೂ ಇತ್ತು: ಕೊಳಚೆ ಹರಿದು ಸೇರುವ ಕೆರೆಯೇ ಕುಡಿಯುವ ನೀರಿಗೂ ಆಧಾರ. 1863ರ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಸಾವು. ಹತ್ತು ವರ್ಷದ ನಂತರ ಅದು 18ಕ್ಕೆ ಇಳಿದಿದೆ ಎಂದು ನೈಟಿಂಗೇಲ್ ಲೆಕ್ಕ ಕೊಟ್ಟರು. ಸೈನಿಕರನ್ನು ಉಳಿಸಬೇಕಾದರೆ ಪಕ್ಕದ ಪೇಟೆ, ಹಳ್ಳಿಗಳ ನೀರು, ಚರಂಡಿಯೂ ಸರಿಯಾಗಬೇಕು ಎಂಬುದು ಅವರ ಪಟ್ಟು.

ಇಷ್ಟೆಲ್ಲ ಕೆಲಸ ನಡೆದದ್ದು ಬಹುಪಾಲು ಹಾಸಿಗೆಯಿಂದಲೇ. 1855ರಲ್ಲಿ ಅಂಟಿದ ಕ್ರಿಮಿಯಾ ಜ್ವರ ಅವರನ್ನು ದಶಕಗಳ ಕಾಲ ಕಾಡಿತು: ಬೆನ್ನುನೋವು, ನಿಶ್ಶಕ್ತಿ, ಮಂಕು. ಅದು ಬ್ರೂಸೆಲ್ಲೋಸಿಸ್ ಇರಬಹುದೆಂದು ಈಗಿನ ಕೆಲವು ವೈದ್ಯರ ಊಹೆ. ಕಾಯಿಸದ ಹಾಲಿನಿಂದ, ದನ-ಆಡುಗಳಿಂದ ಹರಡುವ ಈ ಕಾಯಿಲೆ ನಮ್ಮ ದೇಶದಲ್ಲಿ ಇಂದಿಗೂ ಇದೆ. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡೋಣವೆಂದಾಗ ಮನೆಯವರು ಒಪ್ಪಲಿಲ್ಲ. ಹಳ್ಳಿಯ ಚರ್ಚಿನ ಅಂಗಳದ ಕಲ್ಲಿನ ಮೇಲೆ ಅವರ ಪೂರ್ತಿ ಹೆಸರೂ ಇಲ್ಲ. ಎಫ್. ಎನ್. ಎಂಬ ಎರಡು ಅಕ್ಷರ, ಹುಟ್ಟು ಸಾವಿನ ವರ್ಷ, ಅಷ್ಟೇ.