ಇಕ್ಕೇರಿಯ ಹಬ್ಬ ಕಂಡ ರೋಮಿನ ಯಾತ್ರಿಕ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಅನೇಕ ಕುಟುಂಬಗಳಿಗೆ ಯುರೋಪ್ ಪ್ರವಾಸವು ಇಂದು ಹೊಸತಲ್ಲ. ಇಟಲಿಯ ಹಳ್ಳಿಗಳ ಹಬ್ಬಗಳು, ಗುಡ್ಡದ ಮೇಲಣ ಕೋಟೆಗಳು, ದ್ರಾಕ್ಷಿ ತೋಟಗಳು, ದ್ರಾಕ್ಷಾರಸದ ನೆಲಮಾಳಿಗೆಗಳು ಅವರು ತಂದ ಛಾಯಾಚಿತ್ರಗಳಲ್ಲಿ ಕಾಣಸಿಗುತ್ತವೆ. ನಾಲ್ಕು ಶತಮಾನಗಳ ಹಿಂದೆ ಇಟಲಿಯವನೊಬ್ಬನು ಇಂತಹುದೇ ಕುತೂಹಲದಿಂದ ನಮ್ಮ ಕರಾವಳಿ ಮತ್ತು ಮಲೆನಾಡಿನ ಹಬ್ಬಗಳನ್ನೂ ಕೋಟೆಗಳನ್ನೂ ನೋಡಿಹೋದನೆಂಬ ಸಂಗತಿ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅವನೇ ಪಿಯೆತ್ರೊ ದೆಲ್ಲಾ ವಾಲೆ.

ಪಿಯೆತ್ರೊ 1586ರ ಏಪ್ರಿಲ್‌ನಲ್ಲಿ ರೋಮಿನ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದನು. ಸಾಹಿತ್ಯ, ಸಂಗೀತಗಳಲ್ಲಿ ಅಭಿರುಚಿಯುಳ್ಳ ಯುವಕ. ಯೌವನದಲ್ಲಿ ಪ್ರೇಮವೊಂದು ವಿಫಲವಾದಾಗ ತೀವ್ರವಾಗಿ ನೊಂದನು. ಆಗ ನೇಪಲ್ಸ್ ನಗರದ ವೈದ್ಯಮಿತ್ರ ಮಾರಿಯೊ ಸ್ಕಿಪಾನೊ ಪೂರ್ವದೇಶಗಳ ಯಾತ್ರೆ ಕೈಗೊಳ್ಳುವಂತೆ ಸಲಹೆಯಿತ್ತನು. 1614ರ ಜೂನ್ 8ರಂದು ವೆನಿಸ್‌ನಿಂದ ಹಡಗೇರಿದ ಪಿಯೆತ್ರೊ ಮುಂದಿನ ಹನ್ನೆರಡು ವರ್ಷಗಳ ಕಾಲ ತಾಯ್ನಾಡಿಗೆ ಮರಳಲಿಲ್ಲ. ಕಂಡುದೆಲ್ಲವನ್ನೂ ಅದೇ ಮಿತ್ರನಿಗೆ ದೀರ್ಘ ಪತ್ರಗಳಲ್ಲಿ ಬರೆಯುತ್ತಿದ್ದನು.

ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್, ಜೆರುಸಲೇಂಗಳನ್ನು ಸುತ್ತಿ 1616ರಲ್ಲಿ ಬಾಗ್ದಾದ್ ತಲುಪಿದನು. ಅಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ವರಿಸಿದನು. ದಂಪತಿಗಳು ಪರ್ಷಿಯಾದಲ್ಲಿ ಕೆಲವು ವರ್ಷ ಷಾ ಅಬ್ಬಾಸನ ಆಶ್ರಯದಲ್ಲಿದ್ದರು. ಭಾರತದ ದಾರಿ ಹಿಡಿದು ಹೊರ್ಮುಜ್ ಸಮೀಪದ ಮಿನಾಬ್ ತಲುಪಿದಾಗ, ಗರ್ಭಿಣಿಯಾಗಿದ್ದ ಮಾನಿ ಜ್ವರಕ್ಕೆ ತುತ್ತಾಗಿ 1621ರ ಡಿಸೆಂಬರ್ 30ರಂದು ಅಸುನೀಗಿದಳು. ಅವಳನ್ನು ಅಲ್ಲಿಯೇ ಮಣ್ಣು ಮಾಡಲು ಪಿಯೆತ್ರೊನಿಗೆ ಮನಸ್ಸು ಬರಲಿಲ್ಲ. ಶವಕ್ಕೆ ಕರ್ಪೂರ ಲೇಪಿಸಿ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿರಿಸಿ, ತನ್ನ ಸಾಮಾನುಗಳೊಂದಿಗೆ ಸಾಗಿಸತೊಡಗಿದನು. ಭಾರತಕ್ಕೆ ಅವನು ಬಂದುದು ಈ ಶೋಕದೊಂದಿಗೆ.

1623ರ ಫೆಬ್ರವರಿಯಲ್ಲಿ ಸೂರತ್‌ನಲ್ಲಿ ಇಳಿದು, ಖಂಭಾತ್, ಅಹಮದಾಬಾದ್‌ಗಳನ್ನು ನೋಡಿ, ದಮನ್ ಮತ್ತು ಚೌಲ್ ಮಾರ್ಗವಾಗಿ ಏಪ್ರಿಲ್‌ನಲ್ಲಿ ಗೋವೆ ಸೇರಿದನು. ನಾವಿಂದು ವಾಸವಾಗಿರುವ ಈ ಕೊಂಕಣ ತೀರದ ಎದುರಿನಿಂದಲೇ ಅವನ ಹಡಗು ಸಾಗಿತ್ತು. ಆಗ ವಸಾಯಿ ಕೋಟೆ ಪೋರ್ಚುಗೀಸರ ವಶದಲ್ಲಿತ್ತು.

ಅದೇ ವರ್ಷ ಗೋವೆಯ ಪೋರ್ಚುಗೀಸ್ ಆಡಳಿತವು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿತು. ನಾಯಕನ ರಾಜ್ಯದ ಕಾಳುಮೆಣಸು ಪೋರ್ಚುಗೀಸರಿಗೆ ಬೇಕಾಗಿತ್ತು. ಪಿಯೆತ್ರೊನಿಗೆ ವ್ಯಾಪಾರದ ಹಂಬಲವಿರಲಿಲ್ಲ. ದೇಶ ನೋಡುವ ಆಸೆಯಿಂದ ರಾಯಭಾರಿಯ ಜೊತೆಗೂಡಿದನು. ಹೊನ್ನಾವರದಲ್ಲಿದ್ದಾಗ ದೀಪಾವಳಿ ಬಂದಿತು. ಅಲ್ಲಿಂದ ಗೇರುಸೊಪ್ಪೆಯ ಮೂಲಕ ಘಟ್ಟವೇರಿದನು. ದಾರಿಯಲ್ಲಿ ದೇವಾಲಯವೊಂದರ ಜಗಲಿಯಲ್ಲಿ ನಾಲ್ವರು ಬಾಲಕರು ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಮೆಚ್ಚಿದನು. ನಮ್ಮ ಹಿರಿಯರು ಮರಳಿನಲ್ಲಿ ತಿದ್ದಿದ ಅಕ್ಷರಗಳನ್ನು ನೆನೆದರೆ ಈ ಚಿತ್ರ ನಮಗೆ ಅಪರಿಚಿತವೆನಿಸದು.

ಇಕ್ಕೇರಿಯ ಕೋಟೆಯನ್ನು ಅವನು ಗಮನವಿಟ್ಟು ನೋಡಿದನು. ಒಂದರೊಳಗೊಂದು ಮೂರು ಆವರಣಗಳು. ಹೊರಗಿನದು ಕಲ್ಲಿನ ಗೋಡೆಯಲ್ಲ, ದಟ್ಟವಾಗಿ ಬೆಳೆಸಿದ ಎತ್ತರದ ಬಿದಿರ ಮೆಳೆ. ಸಂಜೆ ಬೀದಿಗಳಲ್ಲಿ ಹೆಣ್ಣುಮಕ್ಕಳು ಗೌರಿಯ ಹಬ್ಬಕ್ಕಾಗಿ ಕೋಲು ಹಿಡಿದು ಹಾಡುತ್ತ ಕುಣಿಯುತ್ತಿದ್ದರು. ಇವೆಲ್ಲವೂ ಅವನ ಪತ್ರಗಳಲ್ಲಿ ಸೇರಿದವು.

ಅದೇ ಊರಿನಲ್ಲಿ ಮತ್ತೊಂದು ಮೆರವಣಿಗೆ ಎದುರಾಯಿತು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯೇರಿದ್ದ ವಿಧವೆಯೊಬ್ಬಳು ಸಹಗಮನಕ್ಕೆ ಸಿದ್ಧಳಾಗಿದ್ದಳು. ನಗಾರಿ ಬಾರಿಸುತ್ತಿದ್ದ ತೆಲುಗು ಕುಲದವನ ಪತ್ನಿ ಆಕೆ. ಪಿಯೆತ್ರೊ ಬರೆದಿಟ್ಟ ಹೆಸರನ್ನು ನಮ್ಮ ರೀತಿಯಲ್ಲಿ ಹೇಳುವುದಾದರೆ ಜಕ್ಕಮ್ಮ. ಅವನು ಅವಳ ಮನೆಗೇ ಹೋಗಿ, ದುಭಾಷಿಯ ಮೂಲಕ ಮಾತನಾಡಿ, ಎಳೆಯ ಮಕ್ಕಳನ್ನು ನೆನಪಿಸಿ, ನಿರ್ಧಾರ ಬಿಡುವಂತೆ ಕೇಳಿಕೊಂಡನು. ಆಕೆ ನಗುಮುಖದಿಂದಲೇ ಮಾತನಾಡಿದಳು, ಆದರೆ ಒಪ್ಪಲಿಲ್ಲ. ಆಗ ಅವಳ ಹೆಸರು ಅಳಿಯದಂತೆ ಮಾಡುವೆನೆಂದು ಮಾತುಕೊಟ್ಟು, ಅವಳ ಕುರಿತು ಪದ್ಯಗಳನ್ನು ರಚಿಸಿದನು. ಮಡದಿಯ ಮರಣವನ್ನು ತಡೆಯಲಾಗದೆ ಬಂದಿದ್ದವನು ಇಲ್ಲಿಯೂ ಸೋತನು. ಆದರೂ ಯಾವ ಶಾಸನದಲ್ಲೂ ಸ್ಥಾನ ಪಡೆಯದಿದ್ದ ಬಡ ಹೆಣ್ಣುಮಗಳೊಬ್ಬಳ ಹೆಸರು ಇಂದಿಗೂ ಉಳಿದಿರುವುದು ಅವನಿಂದ.

ಮುಂದೆ ಅವನು ಮಂಗಳೂರಿಗೆ ಬಂದನು. ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡುದು ಅರಮನೆಯಲ್ಲಲ್ಲ, ದಾರಿಯಲ್ಲಿ. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಲು ಆಕೆ ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ಕದ್ರಿಯ ಜೋಗಿಗಳ ಅರಸನನ್ನೂ ಭೇಟಿಯಾದನು. ತುಳುನಾಡಿನಿಂದ ಮುಂಬಯಿಗೆ ಬಂದು ನೆಲೆಸಿದ ನಮ್ಮವರಿಗೆ ಈ ಪುಟಗಳು ತವರಿನ ಹಳೆಯ ಚಿತ್ರಪಟದಂತಿವೆ.

1626ರ ಮಾರ್ಚ್‌ನಲ್ಲಿ ಪಿಯೆತ್ರೊ ರೋಮ್ ತಲುಪಿದನು. ಮಿನಾಬ್‌ನಿಂದ ನಾಲ್ಕು ವರ್ಷಕ್ಕೂ ಮಿಕ್ಕಿ ಜೊತೆಗಿದ್ದ ಮಾನಿಯ ಶರೀರವನ್ನು ಅರಾಚೇಲಿಯ ಸಂತ ಮರಿಯಾ ಚರ್ಚಿನಲ್ಲಿ, ತನ್ನ ವಂಶದ ಸಮಾಧಿಯಲ್ಲಿ ಇರಿಸಿದನು. 1627ರ ಶ್ರದ್ಧಾಂಜಲಿ ಸಭೆಯಲ್ಲಿ ಮಾತನಾಡುತ್ತಿದ್ದಾಗ ಅವನ ಕಂಠ ಬಿಗಿದುಬಂದಿತು. ಮುಂದೆ, ಯಾತ್ರೆಯಲ್ಲಿ ತಮ್ಮೊಡನಿದ್ದ ಜಾರ್ಜಿಯಾದ ಅನಾಥೆ ಮರಿಯಾ ತಿನಾತಿನ್‌ಳನ್ನು ವಿವಾಹವಾದನು. 1652ರ ಏಪ್ರಿಲ್ 21ರಂದು ನಿಧನನಾದನು. ಭಾರತದ ಪತ್ರಗಳು ಅವನ ಕಾಲಾನಂತರ 1663ರಲ್ಲಿ ಮುದ್ರಣಗೊಂಡವು.

ರೋಮಿಗೆ ಹೋಗುವ ನಮ್ಮವರು ಕ್ಯಾಪಿಟೋಲಿನ್ ಗುಡ್ಡದ ಮೇಲಿರುವ ಆ ಚರ್ಚನ್ನು ಒಮ್ಮೆ ಹೊಕ್ಕು ಬರಬಹುದು. ಅದಕ್ಕೂ ಮುನ್ನ, ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೊರಟಾಗ ಹೊನ್ನಾವರದಲ್ಲಿಳಿದು, ಘಟ್ಟ ಹತ್ತಿ, ಸಾಗರದ ಸಮೀಪದ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಮಕ್ಕಳಿಗೆ ತೋರಿಸುವುದು ಒಳಿತು. ಬಿದಿರ ಕೋಟೆ ಈಗಿಲ್ಲ. ಗೌರಿಯ ಹಾಡಿಗೆ ಕೋಲು ಹಾಕಿದ ಹುಡುಗಿಯರ ಕಥೆಯನ್ನೂ ಜಕ್ಕಮ್ಮನ ಕಥೆಯನ್ನೂ ಅಲ್ಲಿಯೇ ನಿಂತು ಹೇಳಬಹುದು.