ಚಾಲುಕ್ಯ ವಿಕ್ರಮಾದಿತ್ಯನೂ ಅವನ ಒಡಹುಟ್ಟಿದವರೂ

ಇಂದಿನ ಶಿಕಾರಿಪುರ, ಸೊರಬ ಸೀಮೆಗಳು ಪೂರ್ವದಲ್ಲಿ ಬನವಾಸಿ 12000 ನಾಡಿಗೆ ಸೇರಿದ್ದವು. ಆ ನಾಡಿನ ರಾಜಧಾನಿಯು ಶಿಕಾರಿಪುರದ ಸಮೀಪದ ಬಳ್ಳಿಗಾವೆ. ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಶರಣಲೋಕವು ಪೂಜಿಸುವ ಈ ಊರು, ಪ್ರಭುದೇವರ ಕಾಲಕ್ಕೆ ಮುಂಚೆ ಕಲ್ಯಾಣದ ಚಾಲುಕ್ಯರ ಮನೆಯೊಳಗಿನ ಕಲಹವನ್ನು ಕಂಡಿತು. ಆ ಮನೆಯಲ್ಲಿ ಐಶ್ವರ್ಯಕ್ಕೆ ಕೊರತೆಯಿರಲಿಲ್ಲ, ಕೊರತೆಯಾದುದು ಸೋದರಪ್ರೇಮವೊಂದೇ.

ಆಹವಮಲ್ಲ ಸೋಮೇಶ್ವರನ ಮಕ್ಕಳಲ್ಲಿ ಹಿರಿಯನು ತಂದೆಯ ಹೆಸರಿನವನೇ ಆದ ಸೋಮೇಶ್ವರನು. ಅವನ ತಮ್ಮಂದಿರು ವಿಕ್ರಮಾದಿತ್ಯ ಮತ್ತು ಜಯಸಿಂಹ. ವಿಕ್ರಮಾದಿತ್ಯನು ತಂದೆಯ ಕಾಲದಲ್ಲಿಯೇ ಬನವಾಸಿ ನಾಡನ್ನಾಳಿ, ಯುದ್ಧಗಳಲ್ಲಿ ಕೀರ್ತಿ ಗಳಿಸಿದನು. ತಂದೆಯು ಯುವರಾಜಪದವಿಯನ್ನು ಕೊಡಬಂದಾಗ, ಅಣ್ಣನಿರುವಾಗ ತನಗದು ಸಲ್ಲದೆಂದು ನಿರಾಕರಿಸಿದನೆಂದು ಬಿಲ್ಹಣನು ತನ್ನ ಕಾವ್ಯದಲ್ಲಿ ಹೇಳಿದ್ದಾನೆ. ಆದರೆ ಬಿಲ್ಹಣನು ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಕವಿಯೆಂಬುದನ್ನು ಮರೆಯಲಾಗದು. ಗೆದ್ದವರ ಮನೆಯಲ್ಲಿ ಸೋತವರ ಮಾತನ್ನು ಬರೆದಿಡುವವರಿಲ್ಲ.

ಕ್ರಿ.ಶ. 1068ರಲ್ಲಿ ಆಹವಮಲ್ಲನು ಕುರುವತ್ತಿಯಲ್ಲಿ ತುಂಗಭದ್ರೆಯ ಜಲದಲ್ಲಿ ದೇಹವಿಟ್ಟನು. ಹಿರಿಯ ಮಗನು ಪಟ್ಟವೇರಿದನು. ವಿಕ್ರಮಾದಿತ್ಯನು ಹಿಂದೆ ಆಳಿದ್ದ ಬನವಾಸಿ ನಾಡು ಲಕ್ಷ್ಮಣನೆಂಬ ಅಧಿಕಾರಿಯ ವಶವಾಯಿತು. ಅಣ್ಣತಮ್ಮಂದಿರಲ್ಲಿ ಶಂಕೆ ಬೆಳೆಯಿತು, ಶಂಕೆಯು ವೈರವಾಯಿತು. ವಿಕ್ರಮಾದಿತ್ಯನು ವಂಶವೈರಿಯಾದ ಚೋಳರಾಜನ ಮಗಳನ್ನೇ ವರಿಸಿ ಅಲ್ಲಿ ಬಲ ಪಡೆದನು. ಜಯಸಿಂಹನು ಅವನ ಪಕ್ಷದಲ್ಲಿ ನಿಂತನು. ಕೊನೆಗೆ 1076ರಲ್ಲಿ ವಿಕ್ರಮಾದಿತ್ಯನು ಒಡಹುಟ್ಟಿದ ಅಣ್ಣನನ್ನು ಸೆರೆಗೆ ನೂಕಿ ಸಿಂಹಾಸನವನ್ನೇರಿ, ತನ್ನ ಹೆಸರಿನ ಶಕೆಯನ್ನು ಆರಂಭಿಸಿದನು.

ನೆರವಾದ ತಮ್ಮನಿಗೆ ಬನವಾಸಿ ನಾಡು ದೊರೆಯಿತು. ಆದರೆ ಅಣ್ಣನನ್ನು ಕೆಡಹಿ ಪಟ್ಟವೇರಬಹುದೆಂಬ ಪಾಠವನ್ನು ಜಯಸಿಂಹನು ಕಣ್ಣಾರೆ ಕಂಡು ಕಲಿತಿದ್ದನು. ಕೆಲವೇ ವರ್ಷಗಳಲ್ಲಿ ಅವನೂ ದಂಡೆತ್ತಿದನು; ಸೋತು ಅಡವಿಯಲ್ಲಿ ಸೆರೆಸಿಕ್ಕನು. ವಿಕ್ರಮಾದಿತ್ಯನು ಅವನನ್ನು ಕರುಣೆಯಿಂದ ಕಂಡನೆಂದು ಬಿಲ್ಹಣನ ಹೇಳಿಕೆ. ಅಣ್ಣನ ವಿಷಯದಲ್ಲಿ ತಾನು ಮಾಡಿದುದೇ ತಮ್ಮನ ರೂಪದಲ್ಲಿ ತನ್ನೆದುರು ಬಂದು ನಿಂತಾಗ, ಶಿಕ್ಷಿಸಲು ಯಾವ ಬಾಯಿ ಇದ್ದೀತು?

ಆಮೇಲೆ ವಿಕ್ರಮಾದಿತ್ಯನು 1126ರವರೆಗೂ, ಒಟ್ಟು 50 ವರ್ಷ, ವೈಭವದಿಂದ ಆಳಿದನು. ಅವನ ಆಳ್ವಿಕೆಯಲ್ಲಿಯೇ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಮಿತಾಕ್ಷರಾ ಗ್ರಂಥವನ್ನು ರಚಿಸಿ, ಪಿತ್ರಾರ್ಜಿತದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕುಂಟೆಂದೂ, ಹಿರಿಯನಿಗೆ ಹೆಚ್ಚು ಕೊಡದೆ ಸಹೋದರರು ಸಮನಾಗಿ ಹಂಚಿಕೊಳ್ಳಬೇಕೆಂದೂ ವಿಧಿಸಿದನು. ಅಣ್ಣತಮ್ಮಂದಿರ ಪಾಲಿನ ನ್ಯಾಯವು, ಅಣ್ಣನ ಪಾಲನ್ನು ಕಸಿದ ಅರಸನ ನೆರಳಿನಲ್ಲಿಯೇ ಹುಟ್ಟಿತು!

ಶಾಸ್ತ್ರವು ಹೊಲಮನೆಗಳನ್ನು ಅಳೆದು ಹಂಚಬಲ್ಲುದು. ಒಡೆದ ಮನಸ್ಸನ್ನು ಕೂಡಿಸಲಾರದು. ಸಿರಿಯು ಶಿವನದು, ತಾನು ದಾಸೋಹಿ ಮಾತ್ರವೆಂದು ಮುಂದೆ ಅದೇ ಕಲ್ಯಾಣದಲ್ಲಿ ಶರಣರು ಸಾರಿದರು. ಪಾಲುಪಟ್ಟಿಯ ಮುಂದೆ ಕುಳಿತ ಗೃಹಸ್ಥನು, ಕೈಗೆ ಬರುವುದನ್ನು ಎಣಿಸುವ ಮುನ್ನ ಕೈಬಿಟ್ಟುಹೋಗುವ ಒಡಹುಟ್ಟಿದವರನ್ನು ಎಣಿಸುವುದು ಲೇಸು.