ಕುದಿಸಿದ್ದು ಮತ್ತೆ ಕೆಡುವುದಿಲ್ಲವೇ? ಲೂಯಿ ಪಾಶ್ಚರ್ ಕಂಡುಕೊಂಡ ಉತ್ತರ

ಒಮ್ಮೆ ಕುದಿಸಿದರೆ ಸಾಕು, ಕೆಡುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಇದನ್ನು ಬಿಯರ್‌ನಲ್ಲಿ ತೋರಿಸಿಕೊಟ್ಟವರು, ಹುಚ್ಚುನಾಯಿ ರೋಗದ ಲಸಿಕೆಯಿಂದ ಹೆಸರಾದ ಲೂಯಿ ಪಾಶ್ಚರ್.

1822ರಲ್ಲಿ ಫ್ರಾನ್ಸಿನ ಡೋಲ್ ಪಟ್ಟಣದಲ್ಲಿ, ಚರ್ಮ ಹದ ಮಾಡುವವರ ಮನೆಯಲ್ಲಿ ಹುಟ್ಟಿದ ಅವರು 1871ರಲ್ಲಿ ಬಿಯರ್ ಅಧ್ಯಯನಕ್ಕೆ ಇಳಿದರು. ಮೊಳಕೆ ಬಾರ್ಲಿಯ ರಸವನ್ನು ಕುದಿಸಿದಾಗ ಅದನ್ನು ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಆದರೆ ತೆರೆದ ತೊಟ್ಟಿಯಲ್ಲಿ ನಿಧಾನವಾಗಿ ಆರುವಾಗ ಗಾಳಿಯಿಂದ ಹೊಸವು ಬಿದ್ದು, ಉಗುರುಬೆಚ್ಚಗಿನ ರಸದಲ್ಲಿ ಬೇಗ ಹೆಚ್ಚುತ್ತವೆ. ಮುಚ್ಚಿದ ಪಾತ್ರೆಯ ಹೊರಮೈಗೆ ನೀರು ಚಿಮುಕಿಸಿ ತಣಿಸುವ ವಿಧಾನಕ್ಕೆ ಅವರು 1873ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1876ರಲ್ಲಿ ಬಿಯರ್ ಕುರಿತ ಪುಸ್ತಕ ಪ್ರಕಟಿಸಿದರು, 1895ರಲ್ಲಿ ತೀರಿಕೊಂಡರು.

ಭೋಜದ ಅಡುಗೆಮನೆಯಲ್ಲಿ ಕಾಯಿಸಿದ ಹಾಲಿಗೂ ಇದೇ ಲೆಕ್ಕ: ಮುಚ್ಚಿಡಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಫ್ರಿಜ್‌ನಲ್ಲಿಡಿ.